ಹಾಡು ಇರುವ ಊರಿಗೆ ಯುವಜನರ ದಾರಿ

(ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳು ಹಾಗೂ ಸಂಗೀತಾಸಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ಅಧ್ಯಾಪಕ ಮಿತ್ರರಿಗೆ ಮತ್ತು ವಿದ್ಯಾರ್ಥಿಗಳಿಗೆ ನಮಸ್ಕಾರ.

ಸಾಂಪ್ರದಾಯಿಕ ಸಂಗೀತ ನಡೆಯುವ ಊರುಗಳಿಗೆ ಪ್ರವಾಸ ಹೋಗುವುದರಲ್ಲಿ ಇಂದಿನ ಯುವಜನರಿಗೆ ಎಷ್ಟು ಆಸಕ್ತಿ ಇದೆ ಎಂಬುದನ್ನು ಕುರಿತು ಮಾತಾಡಬೇಕೆಂದು ನೀವು ನನ್ನನ್ನು ಕರೆದಿದ್ದೀರಿ. ಈ ವಿಷಯ ಎತ್ತಿದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವುದು ದೂರು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ ತತ್ವಪದ ಬೇಡ, ದಾಸರ ಪದ ಬೇಡ, ಬಯಲಾಟ ಬೇಡ, ಮೊಬೈಲಿನಲ್ಲಿ ಸಿಗುವ ಹಾಡಷ್ಟೇ ಸಾಕು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಕೆಲವರು ಹೇಳಿಯೂ ಇದ್ದೇವೆ. ಪ್ರವಾಸೋದ್ಯಮದ ಪಾಠ ಹೇಳುವವನಾಗಿ, ಈ ಸೀಮೆಯ ಜಾತ್ರೆ, ಉರುಸು, ಆರಾಧನೆಗಳಲ್ಲಿ ಕೂತು ಹಾಡು ಕೇಳುವವನಾಗಿ ನನಗೆ ಕಂಡಿರುವುದು ಬೇರೆ. ಯುವಜನರಲ್ಲಿ ಆಸಕ್ತಿ ಇದೆ. ಹಾಡು ನಡೆಯುವ ಊರಿಗೆ, ಹಾಡು ನಡೆಯುವ ಹೊತ್ತಿಗೆ ಅವರನ್ನು ಮುಟ್ಟಿಸುವ ದಾರಿಯನ್ನು ನಾವು ಇನ್ನೂ ಹಾಕಿಕೊಟ್ಟಿಲ್ಲ. ನನ್ನ ಇಂದಿನ ಮಾತೆಲ್ಲ ಈ ದಾರಿಯನ್ನು ಕುರಿತದ್ದು.

ದೂರು ಹುಟ್ಟಿದ್ದು ಎಲ್ಲಿಂದ ಎಂಬುದನ್ನು ಮೊದಲು ನೋಡೋಣ. ನಮ್ಮ ಭಾಗದಲ್ಲಿ ಸಂಗೀತ ಮತ್ತು ಪ್ರವಾಸ ಎರಡನ್ನೂ ಸೇರಿಸಿ ಯೋಚಿಸಿದ ದೊಡ್ಡ ಪ್ರಯತ್ನವೆಂದರೆ ಹಂಪಿ ಉತ್ಸವ. 1980ರ ದಶಕದ ಕೊನೆಯಲ್ಲಿ ಎಂ.ಪಿ. ಪ್ರಕಾಶ್ ಅವರ ಮುತುವರ್ಜಿಯಿಂದ ಆರಂಭವಾದ ಈ ಉತ್ಸವ, ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಗೆ ಇತಿಹಾಸದ ಜೊತೆಗೆ ಕಲೆಯ ಒಂದು ಕಾಲವನ್ನೂ ತಂದುಕೊಟ್ಟಿತು. ಅದರ ಜಾಡಿನಲ್ಲಿ ನಮ್ಮ ಜಿಲ್ಲೆಯಲ್ಲಿ ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವಗಳು ನಡೆದಿವೆ. ಇವುಗಳಿಂದ ಆದ ಉಪಕಾರವನ್ನು ನಾನು ಮನಸಾರೆ ಒಪ್ಪುತ್ತೇನೆ. ಎಷ್ಟೋ ಹಳ್ಳಿಯ ಕಲಾವಿದರು ಮೊದಲ ಬಾರಿಗೆ ಮೈಕಿನ ಮುಂದೆ ನಿಂತದ್ದು ಇಂಥ ಉತ್ಸವಗಳಲ್ಲಿ. ಆದರೆ ಉತ್ಸವದ ವೇದಿಕೆಗಳ ಕ್ರಮವನ್ನು ಗಮನಿಸಿ. ಸಿನಿಮಾ ಗಾಯಕರು ಮುಖ್ಯ ವೇದಿಕೆಯಲ್ಲಿ, ರಾತ್ರಿಯ ತುಂಬು ಹೊತ್ತಿನಲ್ಲಿ ಹಾಡುತ್ತಾರೆ. ತತ್ವಪದದ ತಂಡ, ಚೌಡಿಕೆ ಎಂಬ ತಂತಿವಾದ್ಯ ನುಡಿಸಿ ದೇವಿಯ ಪದ ಹಾಡುವ ಮೇಳ, ಬಯಲಾಟದ ತುಣುಕು ಇವೆಲ್ಲ ಪಕ್ಕದ ಸಣ್ಣ ವೇದಿಕೆಗಳಲ್ಲಿ, ಇನ್ನೂ ಬಿಸಿಲು ಇಳಿಯದ ಹೊತ್ತಿನಲ್ಲಿ, ಗಡಿಯಾರ ನೋಡುತ್ತ ನಿಂತ ನಿರೂಪಕರ ಅವಸರದಲ್ಲಿ ಮುಗಿದುಹೋಗುತ್ತವೆ. ಹೀಗೆ ಏರ್ಪಾಟು ಮಾಡಿ, ಯಾವ ವೇದಿಕೆಯ ಮುಂದೆ ಹುಡುಗರು ಹೆಚ್ಚು ಸೇರಿದರು ಎಂದು ನೋಡಿ, ಅದರಿಂದ ಅವರ ಅಭಿರುಚಿಯನ್ನು ಅಳೆದರೆ ಸಿಗುವ ಉತ್ತರ ಸರಿಯಾದದ್ದಾಗಲು ಸಾಧ್ಯವಿಲ್ಲ.

ಜನ ಉತ್ಸವಗಳಿಗೆ ಏಕೆ ಹೋಗುತ್ತಾರೆ ಎಂಬುದನ್ನು ಪ್ರವಾಸೋದ್ಯಮದ ಅಧ್ಯಯನಗಳು 1990ರ ದಶಕದಿಂದ ಮತ್ತೆ ಮತ್ತೆ ಪರಿಶೀಲಿಸಿವೆ. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಬಗೆಯ ಉತ್ಸವಗಳಲ್ಲಿ ಕೇಳಿದಾಗಲೂ ಬರುವ ಕಾರಣಗಳು ಹೆಚ್ಚು ಕಡಿಮೆ ಒಂದೇ: ಹೊಸದನ್ನು ಕಾಣುವುದು, ಗೆಳೆಯರ ಮತ್ತು ಮನೆಯವರ ಜೊತೆ ಕಾಲ ಕಳೆಯುವುದು, ಹೊಸ ಜನರೊಡನೆ ಬೆರೆಯುವುದು, ದಿನನಿತ್ಯದ ಬದುಕಿನಿಂದ ಸ್ವಲ್ಪ ಹೊರಬರುವುದು, ಒಂದು ಸಂಸ್ಕೃತಿಯನ್ನು ಹತ್ತಿರದಿಂದ ಅರಿಯುವುದು. ಸಂಗೀತದ ಗುಣ ಈ ಕಾರಣಗಳ ನಡುವೆ ಒಂದು ಮಾತ್ರ. ಇದನ್ನು ತಿಳಿದುಕೊಂಡರೆ ಯುವಜನರ ಮೇಲಿನ ಬೇಸರ ಬಹಳಷ್ಟು ಕಡಿಮೆಯಾಗುತ್ತದೆ. ರಾಗ ಗೊತ್ತಿಲ್ಲದ ಹುಡುಗ ಗೆಳೆಯರ ಜೊತೆಗಾಗಿ ಬಂದು, ಹಾಡಿನ ಹತ್ತಿರ ಕೂತು, ಹೋಗುವಾಗ ಒಂದು ಪದದ ಪಲ್ಲವಿಯನ್ನು ಬಾಯಲ್ಲಿ ಇಟ್ಟುಕೊಂಡು ಹೋದರೆ ಅದು ಕೊರತೆಯೇನೂ ಅಲ್ಲ. ನಮ್ಮ ಹಿರಿಯರಲ್ಲಿ ಬಹುಪಾಲು ಜನರಿಗೆ ಸಂಗೀತ ದಕ್ಕಿದ್ದೂ ಹೀಗೆಯೇ.

ಬಯಲಾಟವನ್ನೇ ತೆಗೆದುಕೊಳ್ಳಿ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ದೊಡ್ಡಾಟವನ್ನು ಇಂದಿಗೂ ಆಡುವವರಲ್ಲಿ ಹಳ್ಳಿಯ ಯುವಕರೇ ಹೆಚ್ಚು. ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ, ಮಾಸ್ತರರು ಹಾಡು ಮತ್ತು ಹೆಜ್ಜೆ ಕಲಿಸುತ್ತಾರೆ, ಜಾತ್ರೆಯ ರಾತ್ರಿ ಗಣಪತಿ ಸ್ತುತಿಯಿಂದ ಆರಂಭವಾದ ಆಟ ಬೆಳಗಿನ ಜಾವದವರೆಗೆ ಸಾಗುತ್ತದೆ. ಪ್ರತಿ ಪಾತ್ರವೂ ರಂಗಕ್ಕೆ ಬಂದಾಗ ಆಟ ನಡೆಸುವ ಸಾರಥಿ ಎದುರು ನಿಂತು ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಪಾತ್ರಧಾರಿ ಹಾಡಿ ಉತ್ತರ ಕೊಡುತ್ತಾನೆ. ಮುಂದೆ ಕೂತ ಹುಡುಗರಿಗೆ ಆ ಪಾತ್ರಧಾರಿ ತಮ್ಮ ಜೊತೆ ಟ್ರ್ಯಾಕ್ಟರ್ ಓಡಿಸುವ ಗೆಳೆಯನೆಂದು ಗೊತ್ತಿರುತ್ತದೆ, ಅವನು ಮಾತು ತಪ್ಪುತ್ತಾನೋ ಇಲ್ಲವೋ ಎಂಬ ಆತಂಕ ಅವರದೂ ಆಗಿರುತ್ತದೆ, ಆದ್ದರಿಂದ ಅವರು ಚಳಿಯಲ್ಲಿ ಚಾದರ ಹೊದ್ದು ಬೆಳಗಾಗುವ ತನಕ ಕದಲುವುದಿಲ್ಲ. ಇದೇ ಆಟದ ಹತ್ತು ನಿಮಿಷದ ತುಣುಕನ್ನು ಹದಿನೈದು ಅಡಿ ಎತ್ತರದ ವೇದಿಕೆಯ ಮೇಲೆ ಬಣ್ಣದ ದೀಪದಲ್ಲಿ ಇಟ್ಟರೆ ಅದೇ ಹುಡುಗರು ಎದ್ದುಹೋಗುತ್ತಾರೆ. ಬದಲಾದದ್ದು ಅವರ ರುಚಿಯಲ್ಲ, ಹಾಡಿಗೂ ಅವರಿಗೂ ನಡುವಿನ ಅಂತರ.

ಇನ್ನೊಂದು ಸಂಗತಿಯನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಸಾಂಪ್ರದಾಯಿಕ ಹಾಡಿಗಾಗಿ ದೂರದಿಂದ ಪ್ರಯಾಣ ಮಾಡುವ ಯುವಜನರ ಅತಿ ದೊಡ್ಡ ಗುಂಪು ನಮ್ಮ ಕಣ್ಣೆದುರಿಗೇ ಇದೆ. ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬೆಂಗಳೂರಿಗೆ, ಗೋವಾಕ್ಕೆ, ಪುಣೆಗೆ ಗುಳೆ ಹೋದ ಹುಡುಗರು ಯುಗಾದಿಗೆ ಬಾರದಿದ್ದರೂ ಮೊಹರಂಗೆ ಊರಿಗೆ ಬರುವುದನ್ನು ನೋಡಿದ್ದೇನೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಈ ಇಡೀ ಸೀಮೆಯಲ್ಲಿ ಹೆಸರಾದದ್ದು. ಕೋಟೆಯ ಊರಿನ ಆ ಬೀದಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಅಲಾಯಿ ದೇವರೆಂದು ಕರೆಯುವ ಪಂಜಾಗಳನ್ನು ನೋಡಲು ನಿಲ್ಲುತ್ತಾರೆ, ಸಕ್ಕರೆ ಓದಿಸುತ್ತಾರೆ. ಸುತ್ತಲಿನ ಹಳ್ಳಿಹಳ್ಳಿಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ ಪದಗಳನ್ನು ಹಾಡುತ್ತಾರೆ. ಹಸನ್ ಹುಸೇನರ ಕರ್ಬಲಾದ ಕಥೆಯನ್ನು ಅಚ್ಚ ಕನ್ನಡದಲ್ಲಿ, ಜೋಳದ ಹೊಲದ ಮಾತಿನಲ್ಲಿ ಹೇಳುವ ಪದಗಳು ಅವು. ಕತ್ತಲ ರಾತ್ರಿ ಇಡೀ ಹಾಡಿ, ದೇವರನ್ನು ಕಳಿಸಿಕೊಡುವ ದಫನ್ ಮುಗಿಸಿ, ಮರುದಿನದ ಬಸ್ಸಿಗೆ ಮತ್ತೆ ಕಟ್ಟಡದ ಕೆಲಸಕ್ಕೆ ಮರಳುವ ಯುವಕನನ್ನು ನಮ್ಮ ಯಾವ ಯೋಜನೆಯೂ ಪ್ರವಾಸಿ ಎಂದು ಕರೆಯುವುದಿಲ್ಲ. ಅಂತರರಾಷ್ಟ್ರೀಯವಾಗಿ ಒಪ್ಪಿರುವ ವ್ಯಾಖ್ಯೆಯ ಪ್ರಕಾರ, ತಾನು ದಿನನಿತ್ಯ ಬದುಕುವ ಪರಿಸರವನ್ನು ಬಿಟ್ಟು ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಬೇರೆಡೆ ಹೋಗುವವನು ಸಂದರ್ಶಕನೇ. ಬಂಧುಮಿತ್ರರನ್ನು ಕಾಣಲು ಹೋಗುವುದೂ ಪ್ರವಾಸದ ಲೆಕ್ಕಕ್ಕೆ ಸೇರುತ್ತದೆ. ಅಂದ ಮೇಲೆ ಬೆಂಗಳೂರಿನಿಂದ ಮುದಗಲ್ಲಿಗೆ ಬರುವ ಈ ಹುಡುಗ, ಹಂಪಿ ನೋಡಲು ಬರುವ ಕಾಲೇಜು ವಿದ್ಯಾರ್ಥಿಯಷ್ಟೇ ಪ್ರವಾಸಿ.

ಇದು ಕೇವಲ ಗೌರವದ ಪ್ರಶ್ನೆಯಲ್ಲ. ಊರಿಗೆ ಬರುವ ಈ ಯುವಕರು ತಮ್ಮ ಜೊತೆ ಕೆಲಸ ಮಾಡುವ ಬೇರೆ ಜಿಲ್ಲೆಯ ಗೆಳೆಯರನ್ನು ಕರೆತರುತ್ತಾರೆ, ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ, ಯಾವ ಪದ ಎಲ್ಲಿ ಚೆನ್ನಾಗಿ ಹಾಡುತ್ತಾರೆ ಎಂದು ತೋರಿಸುತ್ತಾರೆ. ಅವರಿಗಿಂತ ನಂಬಬಹುದಾದ ಮಾರ್ಗದರ್ಶಿ ಇನ್ನಾರೂ ಇಲ್ಲ. ಅವರು ಹಾಕುವ ಒಂದು ನಿಮಿಷದ ವಿಡಿಯೋ ನೋಡಿ ಇನ್ನೂ ಹತ್ತು ಜನ ಮುಂದಿನ ವರ್ಷ ಬರಬೇಕೆಂದು ಬಯಸುತ್ತಾರೆ. ರೀಲ್ಸ್‌ನಿಂದ ಹಾಡು ಕೆಡುತ್ತದೆ ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಅದು ಕರೆಯೋಲೆ ಮಾತ್ರ. ಕರೆಯೋಲೆ ಕಂಡವನಿಗೆ ಮುಂದೆ ಬೇಕಾಗುವುದು ದಿನ, ಊರು ಮತ್ತು ಉಳಿಯುವ ತಾಣ. ಮೊಹರಂ ಚಾಂದ್ರಮಾನದ ಲೆಕ್ಕದಲ್ಲಿ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಹೊರಗಿನವರಿಗೆ ದಿನ ತಿಳಿಯುವುದೇ ಕಷ್ಟ.

ದಿನದ ಮಾತು ಬಂದದ್ದರಿಂದ, ಈ ಉಪನ್ಯಾಸಕ್ಕಾಗಿ ಸಿದ್ಧತೆ ಮಾಡುವಾಗ ನನ್ನ ಮನಸ್ಸನ್ನು ಬಹಳವಾಗಿ ಹಿಡಿದ ಒಂದು ವಿಚಾರವನ್ನು ನಿಮ್ಮ ಮುಂದೆ ಇಡುತ್ತೇನೆ. ಪಂಚಾಂಗ ತೆಗೆದು ಪುಷ್ಯ ಮಾಸವನ್ನು ನೋಡಿ. ಪುಷ್ಯದ ಹುಣ್ಣಿಮೆ ನಮಗೆ ಬನದ ಹುಣ್ಣಿಮೆ. ಪ್ರತಿ ಹುಣ್ಣಿಮೆಯಂತೆ ಅಂದೂ ತುಂಗಭದ್ರೆಯ ದಡದ ಹುಲಿಗಿಗೆ ಹುಲಿಗೆಮ್ಮನ ಭಕ್ತರು ಹರಿದುಬರುತ್ತಾರೆ, ಜೋಗತಿಯರ ಚೌಡಿಕೆ ಪದಗಳು ಗುಡಿಯ ಸುತ್ತ ಕೇಳುತ್ತವೆ. ಅದಾಗಿ ಎರಡೇ ದಿನಕ್ಕೆ, ಬಹುಳ ಬಿದಿಗೆಯಂದು, ಕೊಪ್ಪಳದ ಗವಿಮಠದ ಮಹಾರಥೋತ್ಸವ. ಬಹುಳ ಪಂಚಮಿಯಂದು ತಮಿಳುನಾಡಿನ ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ. ಅಂದು ಕರ್ನಾಟಕ ಸಂಗೀತ ಕಲಿಯುವ ಮಕ್ಕಳೆಲ್ಲ ತಮ್ಮ ತಮ್ಮ ಊರುಗಳಲ್ಲಿ ಹಾಡುತ್ತಾರೆ. ಬಹುಳ ಅಷ್ಟಮಿ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಆರಾಧನೆಯ ದಿನ. ಪಕ್ಷ ಮುಗಿಯುವ ಅಮಾವಾಸ್ಯೆಯಂದು ಹಂಪಿಯಲ್ಲಿ ಪುರಂದರದಾಸರ ಆರಾಧನೆ. 2025ರಲ್ಲಿ ಬನದ ಹುಣ್ಣಿಮೆ ಜನವರಿ 13ರಂದು, ಗವಿಮಠದ ತೇರು 15ರಂದು, ಪುರಂದರ ಆರಾಧನೆ 29ರಂದು ಬಂದಿತ್ತು. ಬಿಸಿಲು ಹಿತವಾಗಿರುವ, ಹಂಪಿ ಮತ್ತು ಆನೆಗೊಂದಿಗೆ ದೇಶವಿದೇಶದ ಯುವ ಪ್ರವಾಸಿಗರು ಅತಿ ಹೆಚ್ಚಾಗಿ ಬರುವ ಕಾಲವೂ ಇದೇ. ಒಂದು ಪಕ್ಷದೊಳಗೆ, ನಮ್ಮ ಸೀಮೆಯಲ್ಲೇ, ಚೌಡಿಕೆಯಿಂದ ದೇವರನಾಮದವರೆಗೆ ಹಾಡು ತಾನಾಗಿಯೇ ನಡೆಯುತ್ತಿದೆ. ಇದಕ್ಕೆ ಯಾರೂ ಹೊಸ ಉತ್ಸವ ಹುಟ್ಟಿಸಬೇಕಿಲ್ಲ, ಕೋಟಿಗಟ್ಟಲೆ ಹಣ ಸುರಿಯಬೇಕಿಲ್ಲ.

ಗವಿಮಠದ ಜಾತ್ರೆಯನ್ನು ನೀವೆಲ್ಲ ಬಲ್ಲಿರಿ, ಆದ್ದರಿಂದ ವಿವರಿಸುವುದಿಲ್ಲ. ಒಂದೇ ಒಂದು ಅಂಶವನ್ನು ನೆನಪಿಸುತ್ತೇನೆ. ಲಕ್ಷಾಂತರ ಜನರಿಗೆ ದಾಸೋಹ ನಡೆಯುವ ಆ ಜಾತ್ರೆಯ ಸಂಜೆಗಳಲ್ಲಿ ತೆರೆದ ಬಯಲಿನಲ್ಲಿ ಕೂತು ಸಂಗೀತ ಕೇಳುವವರಲ್ಲಿ ನಿಮ್ಮ ವಯಸ್ಸಿನವರು ಎಷ್ಟು ಜನ ಇರುತ್ತಾರೆಂದು ನೀವೇ ನೋಡಿದ್ದೀರಿ. ರೊಟ್ಟಿ ಬಡಿಸುವ, ಚಪ್ಪಲಿ ಕಾಯುವ, ದಾರಿ ತೋರಿಸುವ ಸೇವೆಯಲ್ಲಿಯೂ ನೀವೇ ಇರುತ್ತೀರಿ. ಊಟವಿದೆ, ಗೆಳೆಯರಿದ್ದಾರೆ, ಟಿಕೆಟ್ ಇಲ್ಲ, ಯಾರು ಎಲ್ಲಿ ಬೇಕಾದರೂ ಕೂರಬಹುದು, ಮಾಡಲು ಕೈತುಂಬ ಕೆಲಸವಿದೆ. ಯುವಜನರು ಬಂದು ಉಳಿಯಲು ಬೇಕಾದದ್ದೆಲ್ಲ ಅಲ್ಲಿದೆ.

ಪುರಂದರ ಆರಾಧನೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1564ರಲ್ಲಿ ಹಂಪಿಯಲ್ಲಿ ಕಾಲವಾದರೆಂದು ಪರಂಪರೆ ಹೇಳುವ ಪುರಂದರದಾಸರ ಹೆಸರಿನ ಮಂಟಪ, ವಿಜಯವಿಠ್ಠಲ ದೇವಾಲಯದ ಹತ್ತಿರ ನದಿಯ ಅಂಚಿನಲ್ಲಿದೆ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಅದು ಮುಳುಗುತ್ತದೆ. ಪುಷ್ಯದ ಹೊತ್ತಿಗೆ ನದಿ ಇಳಿದು ಮಂಟಪ ಪೂರ್ತಿಯಾಗಿ ಹೊರಗಿರುತ್ತದೆ. ವಿಠ್ಠಲ ದೇವಾಲಯಕ್ಕೆ ಬರುವ ಪ್ರತಿಯೊಬ್ಬ ಯುವ ಪ್ರವಾಸಿಯೂ ಸಪ್ತಸ್ವರದ ಕಂಬಗಳ ಬಗ್ಗೆ ಕೇಳಿಯೇ ಬಂದಿರುತ್ತಾನೆ. ಕಲ್ಲಿಗೆ ಹಾನಿಯಾಗುವುದರಿಂದ ಆ ಕಂಬಗಳನ್ನು ಬಡಿಯುವುದನ್ನು ಈಗ ನಿಷೇಧಿಸಿದ್ದಾರೆ, ಅದು ಸರಿಯಾದ ಕ್ರಮವೇ. ಅವನು ಕಂಬದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾನೆ. ಅಲ್ಲಿಂದ ಕೂಗಳತೆಯ ದೂರದಲ್ಲಿ, ವರ್ಷದ ಒಂದು ದಿನ, ಮನುಷ್ಯರ ಕಂಠದಿಂದಲೇ ಆ ಸ್ವರ ಕೇಳಬಹುದೆಂದು ಅವನಿಗೆ ಹೇಳುವವರು ವಿರಳ.

ಈ ಆರಾಧನೆಗೆ ಸಹಜವಾಗಿ ಬರಬೇಕಾದ ಯುವ ಸಮೂಹವೊಂದು ದಕ್ಷಿಣ ಭಾರತದ ಉದ್ದಗಲಕ್ಕೂ ಇದೆ. ಕರ್ನಾಟಕ ಸಂಗೀತ ಕಲಿಯುವ ಯಾವ ಮಗುವೂ ಮಾಯಾಮಾಳವಗೌಳದ ಸರಳೆ ವರಸೆಯಿಂದ, ಜಂಟಿ ವರಸೆ, ಅಲಂಕಾರಗಳಿಂದ, ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಂದಲೇ ಆರಂಭಿಸುತ್ತದೆ. ಈ ಕಲಿಕೆಯ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ, ಮೈಸೂರಿನಲ್ಲಿ ಹಾಡು ಕಲಿತು ಈಗ ಇಂಜಿನಿಯರಿಂಗ್ ಓದುತ್ತಿರುವ, ಸಾಫ್ಟ್‌ವೇರ್ ಕೆಲಸದಲ್ಲಿರುವ ಸಾವಿರಾರು ಯುವಜನರಿಗೆ ತಮ್ಮ ಮೊದಲ ಪಾಠ ಹುಟ್ಟಿದ ಊರಿನಲ್ಲಿ ಒಂದು ಅಮಾವಾಸ್ಯೆಯ ಬೆಳಿಗ್ಗೆ ನೂರು ಜನರ ಜೊತೆ ಅದೇ ಪಾಠವನ್ನು ಹಾಡಬಹುದೆಂದು ತಿಳಿದರೆ, ಬರದೆ ಇರುವವರು ಕಡಿಮೆ ಎಂದು ನಾನು ನಂಬುತ್ತೇನೆ. ತಿರುವೈಯಾರಿನಲ್ಲಿ ನಡೆಯುವುದೂ ಇದೇ ಅಲ್ಲವೇ? ತ್ಯಾಗರಾಜರ ಪಂಚರತ್ನ ಕೃತಿಗಳನ್ನು ದೊಡ್ಡ ವಿದ್ವಾಂಸರು ಹಾಡುವಾಗ, ಕಲಿತವರು ಯಾರಾದರೂ ಹಿಂದೆ ಕೂತು ದನಿ ಸೇರಿಸುತ್ತಾರೆ. ಕೇಳಲು ಮಾತ್ರ ಕರೆದರೆ ಬಾರದವರು ಹಾಡಲು ಕರೆದಾಗ ಬರುತ್ತಾರೆ. ಪಿಳ್ಳಾರಿ ಗೀತೆಯಂತೂ ಪಂಚರತ್ನಕ್ಕಿಂತ ಎಷ್ಟೋ ಸುಲಭ. ಹತ್ತು ವರ್ಷದ ಹಿಂದೆ ಕಲಿಕೆ ಬಿಟ್ಟವರಿಗೂ ಅದು ಮರೆತಿರುವುದಿಲ್ಲ.

ಬೇರೆ ಕಡೆಯ ಉದಾಹರಣೆಗಳನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಪಕ್ಕದ ಗದಗ ಸೀಮೆಯ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಇಂದಿಗೂ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಊರಿನ ಜನ ಆ ದಿನಗಳನ್ನು ವರ್ಷವಿಡೀ ನೆನಪಿನಲ್ಲಿಟ್ಟುಕೊಳ್ಳುತ್ತಾರೆ, ತಂದೆ ತಾಯಿ ಮಕ್ಕಳನ್ನು ಕರೆತರುತ್ತಾರೆ, ಆ ಮಕ್ಕಳು ಮುಂದೆ ಗೆಳೆಯರನ್ನು ಕರೆತರುತ್ತಾರೆ. ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ 2007ರಿಂದ ಶರದ್ ಪೂರ್ಣಿಮೆಯ ಸುಮಾರಿಗೆ ರಾಜಸ್ಥಾನದ ಜಾನಪದ ಸಂಗೀತದ ಉತ್ಸವ ನಡೆಯುತ್ತಿದ್ದು, ಲಂಗಾ ಮತ್ತು ಮಾಂಗಣಿಯಾರ್ ಹಾಡುಗಾರರನ್ನು ಕೇಳಲು ಹೊರದೇಶಗಳಿಂದಲೂ ಯುವಜನರು ಬರುತ್ತಾರೆ. ಅಲ್ಲಿನ ಖರ್ಚು, ಟಿಕೆಟ್ಟಿನ ದರ ನಮಗೆ ಒಗ್ಗುವಂಥದ್ದಲ್ಲ, ಅದನ್ನು ನಕಲು ಮಾಡುವ ಅಗತ್ಯವೂ ಇಲ್ಲ. ಎರಡರಿಂದಲೂ ನಾವು ಕಲಿಯಬೇಕಾದದ್ದು, ದಿನವನ್ನು ಬದಲಿಸದೆ ಉಳಿಸಿಕೊಳ್ಳುವ ಶಿಸ್ತು. ನಮ್ಮ ಸರ್ಕಾರಿ ಉತ್ಸವಗಳ ದಿನಾಂಕ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಬರ, ಚುನಾವಣೆ, ಅನುದಾನ ಎಂದು ಮುಂದೆ ಹೋಗುತ್ತದೆ, ಕೆಲವು ವರ್ಷ ನಡೆಯುವುದೇ ಇಲ್ಲ. ಬಹಳ ಮೊದಲೇ ರೈಲಿನ ಟಿಕೆಟ್ಟು, ರಜೆ, ಗೆಳೆಯರ ಒಪ್ಪಿಗೆ ಎಲ್ಲವನ್ನೂ ಹೊಂದಿಸಿಕೊಳ್ಳಬೇಕಾದ ಕೆಲಸದ ಯುವಕನಿಗೆ ಇಂಥ ಉತ್ಸವ ದಕ್ಕುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆ, ಆರಾಧನೆಗಳನ್ನು ಯಾವ ಕಚೇರಿಯೂ ಮುಂದೂಡಲಾರದು.

ರಾಯಚೂರು ಜಿಲ್ಲೆಯ ದಾಸರ ಊರುಗಳ ವಿಚಾರದಲ್ಲಿ ನನಗೆ ವಿಶೇಷ ಕಳಕಳಿ ಇದೆ. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ವಿಜಯದಾಸರು, ಮೊಸರಕಲ್ಲಿನಲ್ಲಿ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಲಿಂಗಸುಗೂರಿನಲ್ಲಿ ಪ್ರಾಣೇಶದಾಸರು: ಹದಿನೇಳನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತರ ಆರಂಭದವರೆಗೆ ಹರಿದಾಸ ಪರಂಪರೆಯ ಎರಡನೆಯ ದೊಡ್ಡ ಅಲೆ ಎದ್ದದ್ದು ಒಂದು ದಿನದಲ್ಲಿ ಸುತ್ತಿ ಬರಬಹುದಾದ ಈ ಸಣ್ಣ ಪ್ರದೇಶದಲ್ಲಿ. ವಿಜಯದಾಸರ ಸುಳಾದಿಗಳು ಒಂದರ ಹಿಂದೊಂದು ತಾಳ ಬದಲಾಗುತ್ತ ಸಾಗುವ ರಚನೆಗಳು. ಲಯದ ಹುಚ್ಚಿರುವ ಇಂದಿನ ಹುಡುಗರಿಗೆ, ತಬಲಾ, ಮೃದಂಗ ಮಾತ್ರವಲ್ಲ ಡ್ರಮ್ಸ್ ಬಾರಿಸುವವರಿಗೂ, ಅವುಗಳಲ್ಲಿ ಕಲಿಯಲು ಬಹಳವಿದೆ. 1809ರಲ್ಲಿ ಕಾಲವಾದ ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದ್ದು, ಇಂದಿಗೂ ಮನೆಮನೆಯಲ್ಲಿ ಪಾರಾಯಣವಾಗುತ್ತದೆ. ಭಾದ್ರಪದ ಶುದ್ಧ ನವಮಿಯಂದು ಮಾನ್ವಿಯಲ್ಲಿ ಅವರ ಆರಾಧನೆ. ಮಂತ್ರಾಲಯಕ್ಕೆ ಹೋಗುವ ಅಸಂಖ್ಯ ಯಾತ್ರಿಕರು ರಾಯಚೂರು ಜಿಲ್ಲೆಯನ್ನು ಹಾದೇ ಹೋಗುತ್ತಾರೆ, ಅವರಲ್ಲಿ ಯುವಜನರೂ ಬಹಳ ಇದ್ದಾರೆ. ಅವರು ಬಸ್ಸಿನಲ್ಲಿ ಕೇಳುತ್ತ ಹೋಗುವ ಪದಗಳನ್ನು ಬರೆದವರ ಊರು ಕಿಟಕಿಯ ಆಚೆ ಸರಿದುಹೋಗುತ್ತಿದೆ ಎಂದು ಸೂಚಿಸುವ ಫಲಕವಾದರೂ ಇರಬೇಕಲ್ಲವೇ?

ಪ್ರಶಸ್ತಿ ಬಂದಾಗ ನಮಗೆ ಆಗುವ ಸಂತೋಷವನ್ನೂ ಈ ದೃಷ್ಟಿಯಿಂದ ನೋಡಬೇಕು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಿತು. ದೀಪದ ಬೆಳಕಿನಲ್ಲಿ ಗೊಂಬೆ ಕುಣಿಯುವುದನ್ನು ಜನ ನೋಡುತ್ತಾರೆ, ಆದರೆ ಆಟವನ್ನು ನಡೆಸುವುದು ಪರದೆಯ ಹಿಂದಿನ ಹಾಡು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಓದು ಬರಹ ತಿಳಿಯದೆ ಬುರ್ರಕಥೆಯ ಮಹಾಕಾವ್ಯಗಳನ್ನೇ ನೆನಪಿನಲ್ಲಿ ಇಟ್ಟುಕೊಂಡಿದ್ದರು. 2014ರಲ್ಲಿ ಅವರು ತೀರಿಕೊಂಡರು. ಇಂಥ ಹೆಸರನ್ನು ಸುದ್ದಿಯಲ್ಲಿ ಓದಿದ ಬೆಂಗಳೂರಿನ ಅಥವಾ ಹುಬ್ಬಳ್ಳಿಯ ವಿದ್ಯಾರ್ಥಿನಿಯೊಬ್ಬಳು ಈ ಆಟವನ್ನು, ಈ ಕಥೆಯನ್ನು ಅದರ ಊರಿನಲ್ಲೇ ಕೂತು ಕೇಳಬೇಕೆಂದು ಬಯಸಿದರೆ ಯಾರನ್ನು ಕೇಳಬೇಕು, ಯಾವ ದಿನ ಬರಬೇಕು? ಸುದ್ದಿ ಹುಟ್ಟಿಸಿದ ಆಸೆ ಒಂದು ವಾರದಲ್ಲಿ ಆರಿಹೋಗುವುದು ಈ ಪ್ರಶ್ನೆಗೆ ಉತ್ತರ ಸಿಗದೆ.

ಇನ್ನು ರಾತ್ರಿಯ ಪ್ರಶ್ನೆ. ನಮ್ಮ ಹಾಡುಗಳಲ್ಲಿ ಹೆಚ್ಚಿನವು ರಾತ್ರಿಯವು. ಶನಿವಾರದ ಭಜನೆ ಹನುಮಪ್ಪನ ಗುಡಿಯಲ್ಲಿ ಊಟದ ನಂತರ ಆರಂಭವಾಗುತ್ತದೆ, ಬಯಲಾಟ ಹತ್ತರ ಮೇಲೆ, ರಿವಾಯತ ಪದಗಳು ನಡುರಾತ್ರಿಯ ತನಕ. ಹಳ್ಳಿಯ ಕೊನೆಯ ಬಸ್ಸು ಸಂಜೆಗೇ ಹೊರಟುಹೋಗಿರುತ್ತದೆ. ಆನೆಗೊಂದಿ, ಸಣಾಪುರದ ಕಡೆ ವಾರಾಂತ್ಯ ಕಳೆಯಲು ಬರುವ ಬೆಂಗಳೂರು, ಹೈದರಾಬಾದಿನ ಯುವಜನರು ಅಂಜನಾದ್ರಿ ಹತ್ತುತ್ತಾರೆ, ತೆಪ್ಪದಲ್ಲಿ ಸುತ್ತುತ್ತಾರೆ, ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡುತ್ತಾರೆ; ಕತ್ತಲಾದ ಮೇಲೆ ಮಾಡಲು ಏನೂ ಇಲ್ಲವೆಂದು ಕೋಣೆ ಸೇರುತ್ತಾರೆ. ಅದೇ ಹೊತ್ತಿಗೆ ಅರ್ಧ ಮೈಲಿಯಾಚೆಯ ಗುಡಿಯಲ್ಲಿ ಹಾರ್ಮೋನಿಯಂ, ದಮ್ಮಡಿ, ತಾಳಗಳೊಡನೆ ಭಜನೆ ಆರಂಭವಾಗಿರುತ್ತದೆ.

ಯುವತಿಯರ ಪಾಲಿಗೆ ರಾತ್ರಿ ಇನ್ನೂ ದೊಡ್ಡ ತಡೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವಿದ್ಯಾರ್ಥಿನಿಯರು ಗುಂಪುಗೂಡಿ ಊರೂರು ನೋಡಿ ಬರುವುದನ್ನು ಕಾಣುತ್ತಿದ್ದೇವೆ. ಬಸ್ಸಿನ ಖರ್ಚು ಅವರನ್ನು ಹಿಡಿದು ನಿಲ್ಲಿಸುತ್ತಿಲ್ಲ. ಹಾಡು ಮುಗಿಯುವುದು ಹನ್ನೊಂದಕ್ಕೆ, ಉಳಿಯಲು ಜಾಗವಿಲ್ಲ, ಶೌಚಾಲಯವಿಲ್ಲ, ಮನೆಯಲ್ಲಿ ಅನುಮತಿ ಇಲ್ಲ, ಆದ್ದರಿಂದ ಅವರು ಹಗಲು ನೋಡುವ ಗುಡಿಗಳನ್ನು ಮಾತ್ರ ನೋಡಿ ಹಿಂದಿರುಗುತ್ತಾರೆ. ಯುವಜನರಿಗೆ ಆಸಕ್ತಿ ಇಲ್ಲ ಎನ್ನುವವರು ಅವರಲ್ಲಿ ಅರ್ಧದಷ್ಟು ಜನರಿಗೆ ರಾತ್ರಿಯೇ ಇಲ್ಲವೆಂಬುದನ್ನು ಮರೆಯುತ್ತಾರೆ. ಆರಾಧನೆ, ಜಾತ್ರೆಗಳ ರಾತ್ರಿ ಹೊಸಪೇಟೆ, ಗಂಗಾವತಿ, ಕೊಪ್ಪಳಕ್ಕೆ ಒಂದೊಂದು ತಡರಾತ್ರಿಯ ಬಸ್ಸು, ಊರಿನ ಶಾಲೆಯ ಎರಡು ಕೋಣೆಗಳನ್ನು ಹೆಣ್ಣುಮಕ್ಕಳಿಗೆ ತೆರೆದು ಊರಿನ ಅಕ್ಕಂದಿರ ಉಸ್ತುವಾರಿಯಲ್ಲಿ ಇಡುವ ಏರ್ಪಾಟು, ಇಷ್ಟನ್ನು ಮಾಡಲು ದೊಡ್ಡ ಯೋಜನಾ ವರದಿ ಬೇಕಿಲ್ಲ.

ಆದರೆ ಎಲ್ಲ ಹಾಡನ್ನೂ ಪ್ರವಾಸಿಗಳ ಮುಂದೆ ಇಡಬಹುದು ಎಂದು ನಾನು ಹೇಳುತ್ತಿಲ್ಲ. 1973ರಲ್ಲಿ ಡೀನ್ ಮೆಕ್ಯಾನಲ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಒಂದು ಎಚ್ಚರಿಕೆಯನ್ನು ಕೊಟ್ಟಿದ್ದರು. ಪ್ರವಾಸಿಗರು ಜನ ತಮ್ಮ ಪಾಡಿಗೆ ಬದುಕುವ ಒಳಮನೆಯನ್ನು ಕಾಣಲು ಹಂಬಲಿಸುತ್ತಾರೆ. ಆ ಹಂಬಲವನ್ನು ಅರಿತ ಊರುಗಳು ನಿಧಾನವಾಗಿ ಒಳಮನೆಯನ್ನೂ ಅವರಿಗಾಗಿಯೇ ಸಿಂಗರಿಸಿದ ರಂಗವಾಗಿ ಮಾರ್ಪಡಿಸುತ್ತವೆ ಎಂಬುದು ಅವರ ವಾದದ ತಿರುಳು. ಮೊಹರಂ ಶೋಕದ ಹಬ್ಬ. ನಮ್ಮ ಊರುಗಳಲ್ಲಿ ಅದಕ್ಕೆ ಕುಣಿತ, ವೇಷ, ಹರಕೆಗಳ ಸಂಭ್ರಮವೂ ಸೇರಿಕೊಂಡಿದೆ ನಿಜ, ಆದರೂ ರಿವಾಯತ ಹಾಡುವವನ ಕಣ್ಣಲ್ಲಿ ನೀರು ಬಂದಾಗ ಕ್ಯಾಮೆರಾ ಕೆಳಗಿಳಿಸುವ ತಿಳಿವಳಿಕೆ ನೋಡುವವನಿಗೆ ಇರಬೇಕು, ಪಂಜಾಗಳ ಹತ್ತಿರ ಹೋಗುವ ಮೊದಲು ಚಪ್ಪಲಿ ಬಿಟ್ಟು, ಕೇಳಿ ಹೋಗಬೇಕು. ಚೌಡಿಕೆ ಪದಗಳ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ಭಿಕ್ಷೆಯ ಜೊತೆ ಕಟ್ಟಿಹಾಕಿದ್ದ ಒಂದು ಕಲೆಯನ್ನು ಅವರು ಗೌರವದ ರಂಗಕ್ಕೆ ತಂದರು. ಆದರೆ ಆ ಹಾಡಿನ ಹಿಂದೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿಯ ನೋವಿದೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1982ರಲ್ಲೇ ರೂಪುಗೊಂಡಿತು. ಹುಲಿಗಿಗೆ ಚೌಡಿಕೆ ಕೇಳಲು ಬರುವ ಯುವಜನರು ಇದನ್ನು ತಿಳಿದು ಬರಬೇಕು. ಹಾಡನ್ನು ಪ್ರೀತಿಸುವುದರ ಜೊತೆಗೆ ಆ ಪದ್ಧತಿಯನ್ನು ಒಪ್ಪದೆ ಇರುವುದು ಸಾಧ್ಯ, ಅಗತ್ಯ ಕೂಡ. ಇಂಥ ಕಡೆ ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂದು ತೀರ್ಮಾನಿಸುವ ಹಕ್ಕು ಹಾಡುವವರದು. ಪ್ರವಾಸ ಏರ್ಪಡಿಸುವವರದಲ್ಲ, ನಮ್ಮಂಥ ಅಧ್ಯಾಪಕರದೂ ಅಲ್ಲ.

ಇದಿಷ್ಟನ್ನು ಹೇಳಿದ ಮೇಲೆ ನಿಮ್ಮಿಂದ ನಾನು ಕೇಳುವ ಕೆಲಸ ಒಂದಿದೆ. ಮುಂದಿನ ಪುಷ್ಯ ಮಾಸಕ್ಕೆ ಮೊದಲು, ಮಾರ್ಗಶಿರ ಮುಗಿಯುವುದರೊಳಗೆ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಹಾಡಿನ ಪಟ್ಟಿಯೊಂದನ್ನು ನೀವು ಸಿದ್ಧಪಡಿಸಬೇಕು. ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದೊಂದು ಊರಿನವರು. ನಿಮ್ಮ ಊರಿನಲ್ಲಿ ಯಾವ ತಿಥಿಗೆ ಯಾವ ಹಾಡು ನಡೆಯುತ್ತದೆ, ಎಷ್ಟು ಹೊತ್ತಿಗೆ ಆರಂಭವಾಗುತ್ತದೆ, ಹೊರಗಿನವರು ಬಂದು ಕೂರಬಹುದೇ, ದನಿ ಸೇರಿಸಬಹುದೇ, ವಿಡಿಯೋ ಮಾಡಲು ಒಪ್ಪಿಗೆ ಇದೆಯೇ, ಕೊನೆಯ ಬಸ್ಸು ಯಾವಾಗ, ರಾತ್ರಿ ಉಳಿಯಲು ಯಾರನ್ನು ಕೇಳಬೇಕು ಎಂಬುದನ್ನು ಅಜ್ಜ ಅಜ್ಜಿಯರ ಹತ್ತಿರ, ಭಜನೆಯ ಮೇಳದವರ ಹತ್ತಿರ ಕೂತು ಬರೆದುಕೊಳ್ಳಿ. ಅದನ್ನು ಅಚ್ಚು ಹಾಕಿಸಿ ಕಾಲೇಜು, ಹಾಸ್ಟೆಲ್, ರೈಲು ನಿಲ್ದಾಣ, ಆನೆಗೊಂದಿಯ ಅತಿಥಿಗೃಹಗಳ ಗೋಡೆಗೆ ಅಂಟಿಸೋಣ, ಮೊಬೈಲಿನಲ್ಲಿ ಹಂಚೋಣ.

ಆ ಪಟ್ಟಿಯಲ್ಲಿ ಇನ್ನೊಂದು ಕಲಂ ತಪ್ಪದೆ ಇರಲಿ. ಮೇಳದಲ್ಲಿ ಎಂಟು ಹತ್ತು ಜನ ಇರುತ್ತಾರೆ, ವಾದ್ಯಗಳನ್ನು ಹೊತ್ತು ಟಂಟಂ ಬಾಡಿಗೆ ಕೊಟ್ಟು ಬರುತ್ತಾರೆ, ಅಂದಿನ ಕೂಲಿ ಬಿಟ್ಟು ಹಾಡುತ್ತಾರೆ. ವೇದಿಕೆಯ ಕಾರ್ಯಕ್ರಮ ಮುಗಿದು ತಿಂಗಳುಗಳಾದರೂ ಗೌರವಧನಕ್ಕಾಗಿ ಅಲೆದ ಹಿರಿಯ ಕಲಾವಿದರನ್ನು ನಾನು ಕಂಡಿದ್ದೇನೆ. ಗುಡಿಯ ಭಜನೆಗೆ, ಹಬ್ಬದ ಪದಕ್ಕೆ ಅವರು ಹಣ ಕೇಳುವುದಿಲ್ಲ, ಅದು ಅವರ ಸೇವೆ. ಆದರೆ ಪ್ರವಾಸಿಗರ ಗುಂಪಿಗಾಗಿ ಬೇರೆಯಾಗಿ ಹಾಡಿದರೆ, ಕಲಿಸಿದರೆ, ಅದಕ್ಕೆ ಎಷ್ಟು ಕೊಡಬೇಕೆಂದು ಮೇಳದವರೇ ಹೇಳಿದ ಮೊತ್ತ ಆ ಕಲಮಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿರಬೇಕು, ಮತ್ತು ಆ ಹಣ ಅದೇ ರಾತ್ರಿ ಅವರ ಕೈಗೆ ಸೇರಬೇಕು.